ಮುಸ್ತಫಾ ಎಲ್ಲಿ ಹೋದ?

ಮೊನ್ನೆ ಒಂದು ಶುಕ್ರವಾರ ನರಗುಂದದಲ್ಲಿ ಜುಮಾ ನಮಾಝ್ ಮುಗಿಸಿ ಹೊರಬಂದಾಗ, ಮಸೀದಿಯ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ನಾಲ್ಕೈದು ಹುಡುಗರು ಒಂದೇ ಮೊಬೈಲಿನ ಮೇಲೆ ಬಾಗಿ ಕುಳಿತಿದ್ದರು. ನಮ್ಮವರೂ ಇದ್ದರು, ಅದೇ ಓಣಿಯ ಲಿಂಗಾಯತರ ಹುಡುಗರೂ ಇದ್ದರು. ಮೊಬೈಲ್ ಹಿಡಿದವನ ತಲೆಯ ಮೇಲೆ ನಮಾಝಿನ ಟೋಪಿ ಇನ್ನೂ ಹಾಗೇ ಇತ್ತು. ಪರದೆಯ ತುಂಬ ಮರಳಿನ ಊರು, ಒಂದು ಮಿನಾರು, ತಲೆಗೆ ರುಮಾಲು ಸುತ್ತಿಕೊಂಡು ಓಡುವ ಗಂಡಸರು. ಹುಡುಗ ಒಬ್ಬೊಬ್ಬರನ್ನೇ ಬೀಳಿಸುತ್ತಿದ್ದ.

“ಯಾರನ್ನ ಹೊಡ್ಯಾಕತ್ತೀಯೋ?” ಎಂದು ಕೇಳಿದೆವು.

“ದುಶ್ಮನ್‌ರನ್ನ, ಚಾಚಾ.”

“ದುಶ್ಮನ್ ಅಂತ ನಿನಗ ಹೆಂಗ ಗೊತ್ತಾತು?”

ಹುಡುಗ ತಲೆ ಎತ್ತಲಿಲ್ಲ. “ಮಾರಿ ನೋಡಿದ್ರ ಗೊತ್ತಾಗ್ತದಲ್ರೀ.”

ಆ ಮಾರಿಗೂ ಅವನ ಅಜ್ಜನ ಮಾರಿಗೂ ಹೆಚ್ಚು ಫರಕಿರಲಿಲ್ಲ. ಅದೇ ಗಡ್ಡ, ಅದೇ ರುಮಾಲು.

ವಿಡಿಯೋ ಗೇಮುಗಳ ಬಗ್ಗೆ ನಮ್ಮಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ಮಸೀದಿಯ ಕಡೆಯಿಂದ ಬರುವುದು ‘ಹರಾಮ್’. ಓದಿದವರ ಕಡೆಯಿಂದ ಬರುವುದು ‘ಮಕ್ಕಳ ಆಟ, ಬಿಡ್ರೀ’. ಎರಡೂ ಸೋಮಾರಿಗಳ ಮಾತು. ಶತ್ರಂಜ್ ಬಗ್ಗೆ ನಮ್ಮ ಹಿಂದಿನ ವಿದ್ವಾಂಸರು ಇಷ್ಟು ಸೋಮಾರಿಗಳಾಗಿರಲಿಲ್ಲ. ಹೆಚ್ಚಿನವರು ಬೇಡವೆಂದರು, ಶಾಫಿಈ ಪಂಥದಲ್ಲಿ ಜೂಜಿರಬಾರದು, ನಮಾಝ್ ತಪ್ಪಬಾರದು ಎಂಬ ಷರತ್ತಿನ ಮೇಲೆ ಸಡಿಲಿಕೆ ಕೊಟ್ಟರು. ಒಪ್ಪಿದವರೂ ಒಪ್ಪದವರೂ ಆಟವನ್ನು ನೋಡಿಯೇ ಮಾತಾಡಿದರು. ಇನ್ನು ನಮ್ಮ ಸಾಹಿತಿಗಳು. ಒಂದು ಕವನ ಸಂಕಲನಕ್ಕೆ ನಾಲ್ಕು ಪುಟದ ವಿಮರ್ಶೆ ಬರೆಯುತ್ತಾರೆ, ಸಿನಿಮಾದಲ್ಲಿ ಮುಸ್ಲಿಂ ಪಾತ್ರ ಹೇಗೆ ಬಂದಿದೆಯೆಂದು ವಿಚಾರಗೋಷ್ಠಿ ನಡೆಸುತ್ತಾರೆ. ತಮ್ಮ ಮನೆಯ ಹುಡುಗ ದಿನಕ್ಕೆ ಮೂರು ತಾಸು ಯಾರನ್ನು ಕೊಲ್ಲುತ್ತಿದ್ದಾನೆ ಎಂದು ಮಾತ್ರ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ.

ಹಾಗೆಂದು ನಾವು ಆಟದ ವೈರಿಗಳಲ್ಲ. ನಾವು ಹುಡುಗರಾಗಿದ್ದಾಗ ಹುಬ್ಬಳ್ಳಿಗೆ ಹೋಗುವುದೆಂದರೆ ಬಟ್ಟೆಗಲ್ಲ, ಬಸ್ ಸ್ಟ್ಯಾಂಡಿನ ಹತ್ತಿರ ರೂಪಾಯಿ ಹಾಕಿ ಆಡುವ ಒಂದು ಪೆಟ್ಟಿಗೆಗೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಆ ಹೆಸರು ನಮ್ಮ ದೇಶದ ಹುಡುಗರ ಬಾಯಲ್ಲಿ ನಿಲ್ಲಲಿಲ್ಲ. ಅವರು ಕರೆದದ್ದು ‘ಮುಸ್ತಫಾ’ ಎಂದೇ. ಆಟದಲ್ಲಿ ನಾಲ್ವರು ನಾಯಕರು: ಜ್ಯಾಕ್, ಹನ್ನಾ, ಮೆಸ್, ಮತ್ತು ಹಳದಿ ಟೋಪಿಯ ಮುಸ್ತಫಾ ಕೈರೋ. ಅವನು ಎಲ್ಲರಿಗಿಂತ ಚುರುಕು. ಓಡಿಬಂದು ಹಾರಿ ಒದ್ದರೆ ಸಾಲಾಗಿ ನಿಂತವರು ಸಾಲಾಗಿಯೇ ಬೀಳುತ್ತಿದ್ದರು.

ಅದು ಎಂಥ ಕಾಲವೆಂದು ನೆನಪಿಸಿಕೊಳ್ಳಿ. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಬಿದ್ದಿತ್ತು. 1994ರ ಆಗಸ್ಟ್ 15ರಂದು ಅದೇ ಹುಬ್ಬಳ್ಳಿಯಲ್ಲಿ ಈದ್ಗಾ ಮೈದಾನದ ಧ್ವಜದ ವಿವಾದಕ್ಕೆ ಗೋಲಿಬಾರ್ ಆಗಿ ಹೆಣಗಳು ಬಿದ್ದವು. ಊರಿನ ಎಲ್ಲ ಕಡೆ ಮುಸ್ತಫಾ ಎಂಬ ಹೆಸರು ಅನುಮಾನದ ಹೆಸರಾಗಿದ್ದಾಗ, ಆ ಪೆಟ್ಟಿಗೆಯ ಮುಂದೆ ಬಸವರಾಜ, ಮಂಜುನಾಥರು “ನಾ ಮುಸ್ತಫಾ, ನಾ ಮುಸ್ತಫಾ” ಎಂದು ಗುದ್ದಾಡುತ್ತಿದ್ದರು. ಅವರಿಗೆ ಸೌಹಾರ್ದದ ಪಾಠವನ್ನು ಯಾರೂ ಮಾಡಿರಲಿಲ್ಲ. ಅವರಿಗೆ ಗೆಲ್ಲಬೇಕಿತ್ತು, ಗೆಲ್ಲುವವನ ಹೆಸರು ಮುಸ್ತಫಾ ಆಗಿತ್ತು, ಅಷ್ಟೆ.

ಆ ಮುಸ್ತಫಾ ಇವತ್ತು ಎಲ್ಲಿದ್ದಾನೆ? ಒಂದು ಯಂತ್ರಕ್ಕೆ ಮಾಡಿದ ಆಟವನ್ನು ಮತ್ತೊಂದು ಯಂತ್ರಕ್ಕೆ, ಎಂದರೆ ಟಿವಿಗೆ ಜೋಡಿಸುವ ಕನ್ಸೋಲಿಗೋ ಮೊಬೈಲಿಗೋ ಅಳವಡಿಸಿ ಮಾರುವುದಕ್ಕೆ ‘ಪೋರ್ಟ್’ ಎನ್ನುತ್ತಾರೆ. ಕ್ಯಾಪ್‌ಕಾಮ್ 2018ರಲ್ಲಿ ತನ್ನ ಇಂಥ ಏಳು ಹಳೆಯ ಹೊಡೆದಾಟದ ಆಟಗಳನ್ನು ಒಂದೇ ಕಟ್ಟಿನಲ್ಲಿ ಕನ್ಸೋಲುಗಳಿಗೆ ತಂದಿತು. ಏಳರಲ್ಲಿ ಮುಸ್ತಫಾ ಇಲ್ಲ. ಪೆಟ್ಟಿಗೆಯ ಆ ಆಟ ಯಾವ ಕನ್ಸೋಲಿಗೂ ಅಧಿಕೃತವಾಗಿ ಬಂದೇ ಇಲ್ಲ. ಇದನ್ನು ನಾವು ಪಿತೂರಿ ಎನ್ನುವುದಿಲ್ಲ. ಆಟದ ಪಾತ್ರಗಳು ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದ ಕಲಾವಿದನ ಚಿತ್ರಕಥೆಯಿಂದ ಬಂದವು, ಹಕ್ಕಿನ ತೊಡಕಿದೆ. ಆದರೆ ಅದೇ ವರ್ಷದ, ಅಂಥದೇ ಹಕ್ಕಿನ ತೊಡಕಿದ್ದ ‘ಪನಿಶರ್’ ಆಟವನ್ನು 2024ರಲ್ಲಿ ಮತ್ತೆ ಹೊರತಂದರು. ಮನಸ್ಸು ಮಾಡಿದರೆ ಹಕ್ಕು ಸಿಗುತ್ತದೆ. ನಾಯಕ ಮುಸ್ತಫಾನಿಗಾಗಿ ಯಾರೂ ಮನಸ್ಸು ಮಾಡಲಿಲ್ಲ. ವೈರಿ ಮುಸ್ತಫಾ ಮಾತ್ರ ವರ್ಷಕ್ಕೊಂದು ಹೊಸ ವೇಷದಲ್ಲಿ ಬರುತ್ತಲೇ ಇದ್ದಾನೆ.

ಕಟ್ಟೆಯ ಮೇಲಿನ ಆ ಮಾತಿನ ನಂತರ ನಾವು ತಂಗಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರಾದ ಆಟಗಳನ್ನು ಒಂದೊಂದಾಗಿ ನೋಡಿದೆವು. ನಮ್ಮ ತೀರ್ಪು ಹೀಗಿದೆ.

‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್’, 2019. ಕೈಚಳಕದಲ್ಲಿ ಇದಕ್ಕೆ ಸಾಟಿಯಿಲ್ಲ, ಸತ್ಯದಲ್ಲಿ ಇದು ದಿವಾಳಿ. 1991ರ ಫೆಬ್ರುವರಿಯಲ್ಲಿ ಕುವೈತಿನಿಂದ ಬಸ್ರಾದತ್ತ ಓಡುತ್ತಿದ್ದ ವಾಹನಗಳ ಸಾಲಿನ ಮೇಲೆ ಅಮೆರಿಕ ಮತ್ತು ಮಿತ್ರರ ವಿಮಾನಗಳು ಬಾಂಬು ಸುರಿದವು. ಲೋಕ ಅದನ್ನು ‘ಸಾವಿನ ಹೆದ್ದಾರಿ’ ಎಂದಿತು. ಈ ಆಟ ಅದೇ ಹೆಸರನ್ನು ಒಂದು ಕಲ್ಪಿತ ದೇಶಕ್ಕೆ ಒಯ್ದು ಪಾಪವನ್ನು ರಷ್ಯನ್ನರ ತಲೆಗೆ ಕಟ್ಟಿತು. ಫರಾ ಎಂಬ ದಿಟ್ಟ ಹೋರಾಟಗಾರ್ತಿಯನ್ನು ಸೃಷ್ಟಿಸಿದ್ದಾರೆ, ಆ ಪುಣ್ಯ ಅವರಿಗಿರಲಿ. ಚರಿತ್ರೆಯನ್ನು ಕದ್ದ ಪಾಪ ಅದರಿಂದ ತೊಳೆಯುವುದಿಲ್ಲ. ಇದೇ ಮಾಲೆಯ ‘ವ್ಯಾನ್‌ಗಾರ್ಡ್’ ಆಟದಲ್ಲಿ 2021ರಲ್ಲಿ ಕುರ್‌ಆನಿನ ಹಾಳೆಗಳು ನೆಲದ ಮೇಲೆ ಚೆಲ್ಲಿದ್ದವು. ಕಂಪನಿ ತೆಗೆದುಹಾಕಿತು, ಅರಬಿಯಲ್ಲಿ ಕ್ಷಮೆ ಕೇಳಿತು. ಹಾಳೆಗೆ ಕ್ಷಮೆ ಸಿಕ್ಕಿತು. ಆ ಹಾಳೆ ಓದುವವರನ್ನು ಗುರಿಯ ಹಲಗೆ ಮಾಡಿದ್ದಕ್ಕೆ ಯಾರೂ ಕ್ಷಮೆ ಕೇಳಿಲ್ಲ.

‘ಸಿಕ್ಸ್ ಡೇಸ್ ಇನ್ ಫಲ್ಲೂಜಾ’. 2004ರಲ್ಲಿ ಇರಾಕಿನ ಆ ಊರಿನಲ್ಲಿ ನಡೆದ ನಿಜವಾದ ಯುದ್ಧದ ಆಟ. 2009ರಲ್ಲಿ ಪ್ರಕಟಿಸಲು ಒಪ್ಪಿದ್ದ ಕೊನಾಮಿ ಕಂಪನಿ ವಿರೋಧ ಕಂಡು ಹಿಂದೆ ಸರಿಯಿತು. 2023ರಲ್ಲಿ ಬೇರೆಯವರು ಅರೆಬರೆಯಾಗಿಯೇ ಮಾರಾಟಕ್ಕಿಟ್ಟರು. ಸೈನಿಕನ ಕಣ್ಣಿನಿಂದ ಪ್ರತಿ ಬಾಗಿಲನ್ನೂ ಒದ್ದು ತೆರೆಯಬೇಕು. ಬಾಗಿಲಿನ ಒಳಗಿದ್ದವರ ಕಣ್ಣಿನಿಂದ ನೋಡಿದರೆ ಅದು ಆಟವಾಗುವುದಿಲ್ಲ. ತೀರ್ಪು: ಬೇಡ.

‘ಅಸಾಸಿನ್ಸ್ ಕ್ರೀಡ್: ಮಿರಾಜ್’, 2023. ಒಂಬತ್ತನೇ ಶತಮಾನದ ಬಾಗ್ದಾದ್, ಬೈತುಲ್ ಹಿಕ್ಮಾದ ಕಟ್ಟಡ, ಪೂರ್ತಿ ಅರಬಿ ಮಾತು. 2024ರಲ್ಲಿ ಐಫೋನಿಗೂ ಬಂತು. ನಮ್ಮ ಪಠ್ಯಪುಸ್ತಕ ಅಬ್ಬಾಸಿಯರಿಗೆ ಕೊಟ್ಟ ಒಂದು ಪ್ಯಾರಾಕ್ಕಿಂತ ಈ ಆಟದಲ್ಲಿನ ಚರಿತ್ರೆಯ ಟಿಪ್ಪಣಿಗಳು ಹೆಚ್ಚು ಕಲಿಸುತ್ತವೆ. ಕೊರತೆಯೆಂದರೆ ಜ್ಞಾನದ ಆ ನಗರದಲ್ಲೂ ನಾಯಕನಿಗೆ ಗೊತ್ತಿರುವ ದೊಡ್ಡ ವಿದ್ಯೆ ಕತ್ತು ಕೊಯ್ಯುವುದೇ. ದೊಡ್ಡ ಹುಡುಗರಿಗೆ, ಪಕ್ಕದಲ್ಲಿ ಹಿರಿಯರಿದ್ದರೆ, ಸರಿ.

‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್’, 2024. ಇದರ ಮೂಲ ಆಟವನ್ನು ಜೋರ್ಡನ್ ಮೆಕ್ನರ್ 1989ರಲ್ಲಿ ಮಾಡಿದ್ದ. ನಮ್ಮ ತಲೆಮಾರಿನವರು ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರರ ಕಣ್ಣು ತಪ್ಪಿಸಿ ಆಡಿದ್ದು ಅದನ್ನೇ. ಹೊಸದು ಕಾಫ್ ಪರ್ವತದಲ್ಲಿ ನಡೆಯುತ್ತದೆ. ಉರ್ದು ಶಾಲೆಯಲ್ಲಿ ಓದಿದ ನಮಗೆ ಕೋಹ್-ಎ-ಕಾಫ್ ಎಂದರೆ ಪರಿಗಳ, ಜಿನ್ನುಗಳ ದಾಸ್ತಾನ್. ಸೀಮುರ್ಗ್ ಹಕ್ಕಿ ಇಲ್ಲಿದೆ, ಬೇಕೆಂದರೆ ಪಾತ್ರಗಳು ಫಾರ್ಸಿಯಲ್ಲೇ ಮಾತಾಡುತ್ತವೆ. ನಿಂಟೆಂಡೊ ಸ್ವಿಚ್ ಎಂಬ ಸಣ್ಣ ಯಂತ್ರದಲ್ಲೂ ತಡವರಿಸದೆ ಓಡುತ್ತದೆ, 2025ರಲ್ಲಿ ಮೊಬೈಲಿಗೂ ಬಂದಿದೆ. ಹೋರಾಟವಿದೆ, ಆದರೆ ಯಾರ ಅಜ್ಜನ ಮುಖವೂ ಇಲ್ಲಿ ಗುರಿಯಲ್ಲ. ನಾವು ನೋಡಿದವುಗಳಲ್ಲಿ ಒಳ್ಳೆಯದು.

‘ರಾಜಿ’, 2020. ಪುಣೆಯ ಒಂದು ಸಣ್ಣ ತಂಡ ಮಾಡಿದ್ದು, ಮೊದಲು ಬಂದದ್ದು ಸ್ವಿಚ್ ಕನ್ಸೋಲಿಗೆ. ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆ. ಬೇಗ ಮುಗಿದುಬಿಡುತ್ತದೆ ಎಂಬುದೊಂದೇ ದೂರು. ಪುರಾಣದ ಕಥೆ ಎಂದು ನಮ್ಮವರು ಮೂಗು ಮುರಿಯಬೇಕಿಲ್ಲ.

‘ಫೌ-ಜಿ’, 2021. ಬೆಂಗಳೂರಿನ ಎನ್‌ಕೋರ್ ಕಂಪನಿಯದು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು, ಎರಡೇ ದಿನಕ್ಕೆ ಇದರ ಘೋಷಣೆ, ಗಣರಾಜ್ಯೋತ್ಸವದಂದು ಬಿಡುಗಡೆ. ಗಲ್ವಾನಿನಲ್ಲಿ 20 ಯೋಧರು ಪ್ರಾಣ ಕೊಟ್ಟು ವರ್ಷ ತುಂಬಿರಲಿಲ್ಲ. ಆದಾಯದ ಶೇಕಡಾ 20 ಯೋಧರ ನಿಧಿಗೆ ಎಂದರು, ಒಳ್ಳೆಯದು. ಆದರೆ ಆಟ? ಒಂದೇ ಬಗೆಯ ಗುದ್ದಾಟ, ಹೆಜ್ಜೆಹೆಜ್ಜೆಗೂ ಘೋಷಣೆ. ದೇಶಭಕ್ತಿ ಎಂದು ಬರೆದ ಮಾತ್ರಕ್ಕೆ ಕೆಟ್ಟ ಕಥೆ ಒಳ್ಳೆಯದಾಗುವುದಿಲ್ಲ. ಆಟಕ್ಕೂ ಅದೇ ಮಾತು.

ಪಬ್‌ಜಿ, ಮತ್ತು 2021ರಲ್ಲಿ ಅದೇ ಮರಳಿ ಬಂದ ‘ಬಿಜಿಎಂಐ’. ಇಲ್ಲಿ ದುಶ್ಮನ್‌ಗೆ ಜಾತಿ ಧರ್ಮಗಳಿಲ್ಲ, ಇರುವುದು ಸಮಯದ ಕೊಲೆ. ರಕ್ತಕ್ಕೆ ಹಸಿರು ಬಣ್ಣ ಬಳಿದು, ಹದಿನೆಂಟು ತುಂಬದವರಿಗೆ ದಿನಕ್ಕೆ 3 ತಾಸಿನ ಮಿತಿ ಹಾಕಿ ಸಾತ್ವಿಕವಾಯಿತು ಎಂದರು. ಅಪ್ಪನ ಮೊಬೈಲಿನಲ್ಲಿ ಆಡುವ ಹುಡುಗನಿಗೆ ಯಾವ ಮಿತಿ? 2019ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಮೊಬೈಲ್ ಆಟಕ್ಕೆ ಬೈದ ತಂದೆಯನ್ನು ಮಗನೇ ಕೊಂದ. ಆಟವೇ ಕೊಂದಿತು ಎಂದು ನಾವು ಹೇಳುವುದಿಲ್ಲ. ಅಂಥ ಮನೆಯೊಂದರಲ್ಲಿ ಬೈಗುಳ ಶುರುವಾಗುವ ಮೊದಲು ಮಾತು ಎಷ್ಟು ದಿನದಿಂದ ನಿಂತಿರುತ್ತದೆ ಎಂದು ಕೇಳುತ್ತೇವೆ.

ದುಡ್ಡು ಕಟ್ಟಿ ಆಡುವ ಆಟಗಳಿಗೆ ಮಾತ್ರ ವಿಮರ್ಶೆ ಬೇಕಿಲ್ಲ. ಅದು ಮೈಸಿರ್, ಜೂಜು. ಕರ್ನಾಟಕದ 2021ರ ಕಾನೂನನ್ನು ಹೈಕೋರ್ಟು 2022ರಲ್ಲಿ ರದ್ದು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ನಿಷೇಧದ ಕಾನೂನು ಮಾಡಿತು. ಇಲ್ಲಿ ಮೌಲವಿಗಳ ಒಂದೇ ಶಬ್ದ ಸಾಕು.

ಈಗ ಹುಡುಗನ ಮಾತಿಗೆ ಬರೋಣ. ಮಾರಿ ನೋಡಿ ದುಶ್ಮನ್‌ನನ್ನು ಗುರುತಿಸುವ ಪಾಠ ನಮ್ಮ ನೆಲದ್ದಲ್ಲ. ನಮ್ಮ ಸೀಮೆಯಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಕೂಡಿ ರಿವಾಯತ್ ಪದ ಹಾಡುತ್ತಾರೆ, ಕರ್ಬಲಾದ ಯುದ್ಧ ಕನ್ನಡದಲ್ಲಿ ನಡೆಯುತ್ತದೆ. ಆ ಯುದ್ಧದಲ್ಲಿ ಹುಸೇನರೂ ಮುಸ್ಲಿಮರು, ಯಜೀದನೂ ಮುಸ್ಲಿಮನು. ಗಡ್ಡದಿಂದ, ರುಮಾಲಿನಿಂದ ಇಬ್ಬರನ್ನು ಬೇರೆ ಮಾಡಲಾಗದು. ಕೇಳುವ ರೈತ ಕೃತ್ಯದಿಂದಲೇ ಗುರುತಿಸುತ್ತಾನೆ. ಕೋಟಿಗಟ್ಟಲೆ ಸುರಿದ ಕಂಪನಿಗಳಿಗೆ ತಿಳಿಯದ ಕಥೆ ಕಟ್ಟುವ ಈ ವಿದ್ಯೆ ನಮ್ಮ ಹೆಜ್ಜೆ ಮೇಳದವರಿಗೆ ತಿಳಿದಿದೆ.

ನಮ್ಮ ಗುಡ್ಡದ ಕಥೆಯನ್ನೇ ನೋಡಿ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿ ಗೆದ್ದಿತು. 1858ರಲ್ಲಿ ಬಾಬಾಸಾಹೇಬರು ಕಂಪನಿ ಸರಕಾರದ ವಿರುದ್ಧ ಎದ್ದರು, ಬೆಳಗಾವಿಯಲ್ಲಿ ಗಲ್ಲಿಗೇರಿದರು. 1980ರಲ್ಲಿ ರೈತರು ನೀರಿನ ಕರದ ವಿರುದ್ಧ ಎದ್ದರು, ಗೋಲಿಬಾರ್ ಆಯಿತು. ಮೂರೂ ಸತ್ಯ. ನಾಳೆ ಯಾರಾದರೂ ಈ ಗುಡ್ಡದ ಮೇಲೆ ಆಟ ಮಾಡಿದರೆ ಮೂರರಲ್ಲಿ ಯಾವುದನ್ನು ಆರಿಸುತ್ತಾರೆ, ದುಶ್ಮನ್‌ಗೆ ಯಾವ ಟೋಪಿ ತೊಡಿಸುತ್ತಾರೆ ಎಂದು ಓದುಗರೇ ಊಹಿಸಬಲ್ಲರು. ನಾವು ಟಿಪ್ಪುವಿನ ಮುತ್ತಿಗೆಯನ್ನು ಮುಚ್ಚಿಡಿ ಎನ್ನುತ್ತಿಲ್ಲ. ಮೂರನ್ನೂ ಹೇಳಿ ಎನ್ನುತ್ತಿದ್ದೇವೆ. ಮತ್ತು ಕನ್ನಡದಲ್ಲಿ ಹೇಳಿ. ಬಾಗ್ದಾದಿನ ಆಟ ಅರಬಿ ಮಾತಾಡುತ್ತದೆ, ಪರ್ಷಿಯಾದ ಆಟ ಫಾರ್ಸಿ ಮಾತಾಡುತ್ತದೆ, ಎರಡರಲ್ಲೂ ಕನ್ನಡದ ಒಂದು ಅಕ್ಷರವಿಲ್ಲ. ಬೆಂಗಳೂರಿನಲ್ಲಿ ಕುಳಿತು ಆಟ ಮಾಡುವ ನಮ್ಮದೇ ಹುಡುಗರಿಗಾದರೂ ಇದು ಕೇಳಿಸಲಿ.

ತಂದೆ ತಾಯಿಗಳಿಗೆ ನಮ್ಮ ಮಾತು ಇಷ್ಟೆ: ಮೊಬೈಲ್ ಕಸಿಯುವ ಮೊದಲು ಒಂದು ದಿನ ಪಕ್ಕದಲ್ಲಿ ಕೂಡ್ರಿ. ಯಾರನ್ನು ಹೊಡೆಯುತ್ತಿದ್ದೀ, ಯಾಕೆ ಎಂದು ಕೇಳಿ. ಮೌಲವಿ ಸಾಹೇಬರಲ್ಲಿ ವಿನಂತಿ: ಆಟ ನೋಡಿ ತೀರ್ಪು ಕೊಡಿ, ಹುಡುಗರು ಕೇಳುತ್ತಾರೆ. ಸಂಪಾದಕರಲ್ಲೂ ಒಂದು ಕೋರಿಕೆ ಇದೆ. ಪುಸ್ತಕ ವಿಮರ್ಶೆಗೆ ಎರಡು ಪುಟ ಕೊಡುತ್ತೀರಿ. ಆಟಗಳಿಗೆ ತಿಂಗಳಿಗೆ ಅರ್ಧ ಪುಟ ಕೊಡಿ. ಬರೆಯುವವರು ಸಿಗದಿದ್ದರೆ ಆ ಕಟ್ಟೆಯ ಹುಡುಗರಿಂದಲೇ ಬರೆಸಿ. ಮುಂದಿನ ಶುಕ್ರವಾರ ಅವರಿಗೆ ಹಳದಿ ಟೋಪಿಯ ಮುಸ್ತಫಾನ ಕಥೆ ಹೇಳುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ.