‘ಬೋರ್ ಹೋಗಿದೆ’ ಅನ್ನೋ ಪಂಡಿತರಿಗೆ...

ನಮ್ಮ ಅಡ್ಡಗದ್ದೆ, ಶೃಂಗೇರಿ, ಕೊಪ್ಪದ ಕಡೆ ಹಳೇ ಪದ್ಮಿನಿಯೋ ಅಂಬಾಸಿಡರ್ರೋ ದಿಬ್ಬ ಹತ್ತುವಾಗ ಏದುಸಿರು ಬಿಟ್ಟರೆ ಸಾಕು, ನೋಡಿದವರೆಲ್ಲ ಹೇಳೋದು ಒಂದೇ ಮಾತು: "ಬೋರ್ ಹೋಗಿದೆ ಮಾರಾಯ್ರೆ, ಎಂಜಿನ್ ಇಳಿಸ್ಬೇಕು." ಬಾನೆಟ್ ಎತ್ತಿರುವುದಿಲ್ಲ, ಒಂದು ಪ್ಲಗ್ ಬಿಚ್ಚಿ ನೋಡಿರುವುದಿಲ್ಲ. ತೀರ್ಪು ಮಾತ್ರ ರೆಡಿ! ಇದಕ್ಕೆ ಕಣಿ ಹೇಳೋದು ಅಂತಾರೆ, ರಿಪೇರಿ ಅನ್ನಲ್ಲ.

ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗೇ ಓಡುತ್ತೆ. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಮುಗ್ಗರಿಸುತ್ತೆ. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹತ್ತುತ್ತೆ. ಸ್ವಾಮಿ, ಸವೆದ ಬೋರು ಹತ್ತು ನಿಮಿಷ ಸುಧಾರಿಸಿಕೊಂಡರೆ ವಾಸಿಯಾಗುತ್ತಾ? ಇದು ಹೆಚ್ಚಾಗಿ ಪೆಟ್ರೋಲ್ ಸಾಲದ ಕತೆ: ಟ್ಯಾಂಕಿನ ತಳದ ತುಕ್ಕು, ಕಟ್ಟಿಕೊಂಡ ಫಿಲ್ಟರ್, ಸುಸ್ತಾದ ಪಂಪ್ ಡಯಾಫ್ರಮ್. ಗಾಡಿ ನಿಂತಾಗ ಕಸ ಕೆಳಗೆ ಕೂರುತ್ತೆ, ಪೈಪ್ ತಣಿಯುತ್ತೆ, ಪೆಟ್ರೋಲ್ ಮತ್ತೆ ಹರಿಯುತ್ತೆ. ಬಿಸಿಗೆ ಕೈಕೊಡೋ ಇಗ್ನಿಷನ್ ಕಾಯಿಲ್ ಕೂಡ ಹೀಗೇ ಆಡುತ್ತೆ.

ನಮ್ಮ ಮಳೆಗಾಲ ಗೊತ್ತಲ್ಲ... ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಶೆಡ್ಡಲ್ಲಿ ನಿಲ್ಲಿಸಿದರೆ ಟ್ಯಾಂಕ್ ಒಳಗೇ ಬೆವರುತ್ತೆ. ಮೇಲಾಗಿ 2025ರ ಹೊತ್ತಿಗೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲೇ ಎಲ್ಲ ಕಡೆ ಬಂತು. ಎಥೆನಾಲ್ ನೀರು ಹೀರುತ್ತೆ, ಹಳೇ ರಬ್ಬರ್ ತಿನ್ನುತ್ತೆ. ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹೊಸ ಕಾರಿನ ಕಂಪ್ಯೂಟರ್ ಮಿಶ್ರಣವನ್ನು ತಾನೇ ಸರಿಮಾಡಿಕೊಳ್ಳುತ್ತೆ; ಕಾರ್ಬ್ಯುರೇಟರ್‌ಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಹಾಗಂತ ಎಲ್ಲದಕ್ಕೂ ಎಥೆನಾಲನ್ನೇ ಬೈಯೋದು ಇನ್ನೊಂದು ಥರದ ಕಣಿ.

ಎಂಜಿನ್ ಮುಟ್ಟುವ ಮೊದಲು ಕಾಸಿಲ್ಲದ ಪರೀಕ್ಷೆಗಳಿವೆ. ಸ್ವಲ್ಪ ಓಡಿಸಿ ಬಂದು ವೀಲ್ ಡ್ರಮ್ ಹತ್ತಿರ ಹುಷಾರಾಗಿ ಕೈ ಹಿಡಿಯಿರಿ. ಒಂದು ಮಾತ್ರ ವಿಪರೀತ ಸುಡ್ತಿದ್ದರೆ ಬ್ರೇಕ್ ಹಿಡ್ಕೊಂಡಿದೆ. ಎಂಜಿನ್ ಕೂಗ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ ಅಂದ್ರೆ ಕ್ಲಚ್. ಪೆಡಲ್ ಪೂರ್ತಿ ಒತ್ತಿಸಿ ಥ್ರಾಟಲ್ ಪೂರ್ತಿ ತೆರೆಯುತ್ತಾ ನೋಡಿ (ಪೆಡಲ್ ಕೆಳಗಿನ ಮ್ಯಾಟ್ ಎಷ್ಟೋ ಎಂಜಿನ್ನುಗಳ ಮಾನ ಕಳೆದಿದೆ!). ಆಮೇಲೆ ಪಾಯಿಂಟ್ ಗ್ಯಾಪ್, ಟೈಮಿಂಗ್, ವಾಲ್ವ್ ಕ್ಲಿಯರೆನ್ಸ್.

ಬೋರ್ ಸವೆಯೋದೇ ಇಲ್ಲ ಅಂತ ನಾನು ವಾದ ಮಾಡ್ತಿಲ್ಲ. ನೀಲಿ ಹೊಗೆ ಬಂದು ಆಯಿಲ್ ಖಾಲಿಯಾಗ್ತಿದ್ದರೆ ಅನುಮಾನ ಪಡಿ. ಆದರೆ ಕಂಪ್ರೆಷನ್ ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಅಥವಾ ಬೋರು. ಏರದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ. ಅಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ಮೊದಲು ಗ್ಯಾಸ್ಕೆಟ್ ನೋಡಿ.

ಇಷ್ಟು ಹಟ ಯಾಕೆ ಅಂದ್ರೆ, ಬೋರ್ ಮಾಡಿಸಿದಾಗ ಹೋದ ಕಬ್ಬಿಣ ವಾಪಸ್ ಬರಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪದ್ಮಿನಿ ಅದಕ್ಕೂ ಎಷ್ಟೋ ಮೊದಲು. ಇನ್ನೊಂದು ಬ್ಲಾಕ್ ಎಲ್ಲಿಂದ ತರ್ತೀರಿ? ಎಂಜಿನ್ ಇಳಿಸ್ತೀನಿ ಅಂದವರ ಹತ್ತಿರ ನಾಲ್ಕು ಸಿಲಿಂಡರಿನ ಕಂಪ್ರೆಷನ್ ಅಂಕಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಗಾಡಿ ವಾಪಸ್ ತನ್ನಿ, ಜೀಪಿಗೆ ಕಟ್ಟಿ ಎಳೆಸಿಕೊಂಡಾದ್ರೂ ಸರಿ.