ಎದ್ದ ಹಸೆಯ ಆರು ಮಡುಸೆಕ್ಕು?

ಕಳುದ ತಿಂಗಳು ಪುತ್ತೂರಿಲಿ ನೆಂಟ್ರ ಮನೆಲಿ ಒಂದು ಪೂಜೆ ಇತ್ತು. ಮುನ್ನಾಣ ದಿನ ಹೊತ್ತೋಪಗಳೇ ಹೋಗಿತ್ತಿದ್ದೆಯೊ°. ಬೆಂದಿಗೆ ಕೊರಕ್ಕೊಂಡು ಕೂದಿಪ್ಪಗ ಒಬ್ಬ ಅತ್ತೆ ಸೊಸೆಯ ದೂರು ತೆಗದವು. "ಅಡಿಗೆ ಮಾಡ್ತು, ದನಗಳನ್ನೂ ನೋಡ್ತು, ಎಲ್ಲ ಸಮ. ಆದರೆ ಉದಿಯಪ್ಪಗ ಎದ್ದ ಹಸೆ ಮಡುಸುತ್ತ ಕ್ರಮ ಇಲ್ಲೆ ಇದಾ. ಹತ್ತು ಗಂಟೆಗೂ ಮಂಚದ ಮೇಗೆ ಹೊದಕ್ಕೆ ಹಾಂಗೇ ಬಿದ್ದೊಂಡಿರ್ತು."

ಆನು ಕೇಳಿದೆ, "ಆ ಮಂಚಲ್ಲಿ ನಿಂಗಳ ಮಗನೂ ಒರಗುತ್ತನಲ್ಲದೋ ಅತ್ತೆ? ಅವ° ಮಡುಸಿರೆ ಆಗದೋ?" ಹೇಳಿ.

ರಜ್ಜ ಹೊತ್ತು ಆರೂ ಮಾತಾಡಿದ್ದವಿಲ್ಲೆ. ಮತ್ತೆ ಮಾತು ಮರುದಿನಾಣ ಪಾಯಸಕ್ಕೆ ಹೋತು.

ಆ ಪ್ರಶ್ನೆಯ ಅಲ್ಲಿಗೇ ಬಿಡ್ಲೆ ಎನಗೆ ಮನಸ್ಸಿಲ್ಲೆ. ಎನ್ನ ಅಭಿಪ್ರಾಯವ ಸುರುವಿಂಗೇ ಹೇಳ್ತೆ. ಉದಿಯಪ್ಪಗ ಹಸೆ ಮಡುಸುದು ಒಳ್ಳೆ ಅಭ್ಯಾಸ. ಆದರೆ ಆರು ಒರಗಿದ್ದವೋ ಅವೇ ಮಡುಸೆಕ್ಕು. ಎದ್ದ ಕೂಡ್ಲೇ ಮಡುಸುಲಾಗ. ಮತ್ತೆ, ಮಡುಸದ್ದವರ ಉದಾಸನದವು ಹೇಳಿ ತೀರ್ಮಾನ ಮಾಡ್ಲೂ ಆಗ. ಈ ಮೂರನೆಯದರ ಆನು ಕಲ್ತದು ಬಙಲ್ಲಿ.

ಎನ್ನ ಅಪ್ಪನ ಮನೆ ಸುಳ್ಯದ ಹೊಡೆಲಿ. ಆನು ಸಣ್ಣ ಇಪ್ಪಗ ಆ ಮನೆಲಿ ಮಂಚ ಹೇಳಿ ಇದ್ದದು ಒಂದೇ, ಅದು ಅಜ್ಜಂದು. ಒಳುದವಕ್ಕೆಲ್ಲ ಹಸೆ. ಮುಂಡೇವಿನ ಓಲೆಲಿ ನೇಯ್ದದು, ತುಳುವಿಲಿ ಪಜೆ ಹೇಳುದು ಅದಕ್ಕೇ. ಅದರ ಮೇಗೆ ಒಂದು ಹಳೆ ಸೀರೆಯೋ ಕಂಬಳಿಯೋ, ತಲಗೆ ಬೂರುಗದ ಹತ್ತಿ ತುಂಬುಸಿದ ತಲೆಕೊಂಬು. ಇರುಳು ಉಂಡಿಕ್ಕಿ ಚಾವಡಿಲಿ ಸಾಲಾಗಿ ಬಿಡುಸುದು, ಉದಿಯಪ್ಪಗ ಸುರುಟಿ ಮೂಲೆಲಿ ನಿಲ್ಲುಸುದು.

ಅಲ್ಲಿ ಉಪದೇಶ ಎಂತದೂ ಬೇಕಾಗಿಂಡಿತ್ತಿಲ್ಲೆ. ಒರಗಿದ ಚಾವಡಿಲೇ ಕಾಪಿ ಕುಡಿಯೆಕ್ಕು, ಬಂದ ಜೆನ ಕೂರೆಕ್ಕು, ಅಡಕ್ಕೆ ಸೊಲಿವಲೆ ಜಾಗೆ ಆಯೆಕ್ಕು. ಹಸೆ ಸುರುಟದ್ರೆ ಕಾಲು ಮಡುಗುಲೆ ಎಡೆ ಇಲ್ಲೆ. ಮತ್ತೆ ತೋಟದ ಕರೆಣ ಮನೆ. ಹಗಲಿಡೀ ಬಿಡುಸಿಯೇ ಇದ್ದ ಹಸೆಲಿ ಚೇಳೋ ಹಾವಿನ ಮರಿಯೋ ಬಂದು ಕೂದರೆ ಕಥೆ ಎಂತ! ಅಜ್ಜಿ ಇರುಳು ಬಿಡುಸುವ ಮದಲು ಹಸೆಯ ಎರಡು ಸರ್ತಿ ನೆಲಕ್ಕೆ ಬಡಿಗು.

ಐದು ವರ್ಷದ ಮಕ್ಕಳೂ ಅವರವರ ಹಸೆಯ ಅವ್ವವ್ವೇ ಸುರುಟೆಕ್ಕು. ಮಾಣಿ, ಕೂಸು ಹೇಳ್ತ ಭೇದ ಇತ್ತಿಲ್ಲೆ. ಎನ್ನ ಅಪ್ಪನೂ ಅವರ ಹಸೆಯ ಅವ್ವೇ ಸುರುಟಿಗೊಂಡಿತ್ತಿದ್ದವು. ಅದರ ಆರೂ ಒಂದು ದೊಡ್ಡ ಸಂಗತಿ ಹೇಳಿ ಗ್ರೇಶಿದ್ದವಿಲ್ಲೆ.

ಮತ್ತೆ ಮಂಚ ಬಂತು. ತಾರಸಿ ಮನೆ ಆತು, ಕೋಣೆಗೊ ಆತು, ಒಂದೊಂದು ಕೋಣೆಗೆ ಒಂದೊಂದು ಮಂಚ, ಅದರ ಮೇಗೆ ದಪ್ಪದ ಬೆಡ್ಡು. ಮಂಚವ ಸುರುಟಿ ಮೂಲೆಲಿ ಮಡುಗೆಕ್ಕು ಹೇಳಿ ಇಲ್ಲೆನ್ನೆ? ಬಾಗಿಲು ಎಳದರೆ ಆರಿಂಗೂ ಕಾಣ. ಹಾಂಗಾಗಿ ಎದ್ದವು ಹಾಂಗೇ ಎದ್ದು ಹೋಪಲೆ ಸುರು ಮಾಡಿದವು. ಆದರೆ ನೆಂಟ್ರು ಬಪ್ಪಗ ಕೋಣೆ ಚೆಂದ ಕಾಣೆಕ್ಕು. ಆ ಚೆಂದ ಮಾಡುವ ಕೆಲಸ ಮನೆಯ ಹೆಮ್ಮಕ್ಕಳ ತಲಗೆ ಬಂತು.

ಆನು ಮದುವೆ ಆಗಿ ಕಡಬದ ಹತ್ತರಾಣ ಈ ಮನೆಗೆ ಬಪ್ಪಗ ಇಲ್ಲಿ 4 ಮಂಚ. ನಾಲ್ಕನ್ನೂ ಆನೇ ಮಡುಸುದು. ಒಂದಕ್ಕೆ 5 ನಿಮಿಷ ಹೇಳಿರೂ ದಿನಕ್ಕೆ 20 ನಿಮಿಷ, ವರ್ಷಕ್ಕೆ 120 ಗಂಟೆಂದ ಮೇಗೆ. ಆ ಲೆಕ್ಕ ಹಾಕುಲೆ ಎನಗೆ 25 ವರ್ಷ ಬೇಕಾತು. "ಮದಲಾಣ ಕಾಲಲ್ಲಿ ಸೊಸೆಕ್ಕೊ ಎಲ್ಲೋರ ಹಸೆಯನ್ನೂ ಮಡುಸಿಗೊಂಡಿತ್ತಿದ್ದವು" ಹೇಳುವವಕ್ಕೆ ಎನ್ನ ಉತ್ತರ ಇಷ್ಟೇ: ಅದು ಮದಲಾಣ ಕಾಲ ಅಲ್ಲ, ಮಂಚದ ಕಾಲ. ಮದಲಾಣ ಕಾಲ ಬೇಕಾರೆ ಗೆಂಡುಮಕ್ಕಳೂ ಅವರವರ ಹಸೆ ಸುರುಟಲಿ.

ವಾಟ್ಸಾಪಿಲಿ ನಿಂಗೊಗೂ ಬಂದಿಕ್ಕು, ಅಮೇರಿಕದ ನೌಕಾಪಡೆಯ ಅಡ್ಮಿರಲ್ ವಿಲಿಯಂ ಮೆಕ್ರೇವನ್ ಹೇಳುವವರ ಭಾಷಣ. 2014ರ ಮೇ ತಿಂಗಳಿಲಿ ಟೆಕ್ಸಾಸ್ ವಿಶ್ವವಿದ್ಯಾಲಯಲ್ಲಿ ಓದು ಮುಗುಶಿ ಹೆರಡುವ ಮಕ್ಕೊಗೆ ಮಾಡಿದ ಭಾಷಣ ಅದು. 2017ರಲ್ಲಿ ಪುಸ್ತಕವೂ ಆತು. ಲೋಕವ ಸರಿ ಮಾಡೆಕ್ಕಾರೆ ಸುರುವಿಂಗೆ ನಿಂಗಳ ಹಸೆಯ ಸರಿ ಮಾಡಿ ಹೇಳುದು ಅವರ ಮಾತಿನ ಸಾರ. ಅವು ಎರಡು ಕಾರಣ ಕೊಡ್ತವು. ಒಂದು, ಉದಿಯಪ್ಪಗಳೇ ಒಂದು ಸಣ್ಣ ಕೆಲಸ ಮುಗುದರೆ ಎರಡನೆಯದಕ್ಕೆ ಉಮೇದು ಬತ್ತು. ಇನ್ನೊಂದು, ಆ ದಿನ ಎಂತದೂ ಸರಿ ಆಗದ್ರೂ ಇರುಳು ಬಪ್ಪಗ ನಾವೇ ಮಡುಸಿದ ಹಸೆ ಒಂದು ಕಾದೊಂಡಿರ್ತು. ಎನಗೆ ಈ ಎರಡನೆ ಕಾರಣ ಜಾಸ್ತಿ ಹಿಡುಶಿತ್ತು. ತೋಟದ ಕೆಲಸಕ್ಕೆ ಜೆನ ಬಾರದ್ದೆ, ಕರೆಂಟಿಲ್ಲದ್ದೆ, ಪಂಪು ಹಾಳಾಗಿ ಸಾಕುಸಾಕಾದ ದಿನ ಕೋಣೆಗೆ ಬಂದರೆ ಅದೊಂದಾದರೂ ಸಮ ಇದ್ದನ್ನೆ ಹೇಳಿ ಸಮಾಧಾನ ಆವ್ತು.

ಆದರೆ ಒಂದು ಮಾತು. ಅವು ಹೇಳುದು ಅವರ ಹಸೆಯ ಅವ್ವೇ ಮಡುಸಿದ ವಿಷಯ. ಸೈನ್ಯದ ತರಬೇತಿಲಿ ಮಡುಸಿ ಕೊಡ್ಲೆ ಅಬ್ಬೆಯೂ ಇಲ್ಲೆ, ಹೆಂಡತ್ತಿಯೂ ಇಲ್ಲೆ. ನಮ್ಮಲ್ಲಿ ಆ ವೀಡಿಯೋ ನೋಡಿ "ಲಾಯ್ಕಿದ್ದು" ಹೇಳಿ ಮುಂದೆ ಕಳುಸಿದ ಗೆಂಡುಮಕ್ಕಳ ಹಸೆಯ ಆರು ಮಡುಸುತ್ತವು ಹೇಳಿ ಕೇಳಿ ನೋಡಿ.

ಈಗಾಣ ಮಕ್ಕೊ ಇನ್ನೊಂದು ಹೇಳ್ತವು, "ಕೂಡ್ಲೇ ಮಡುಸುಲಾಗಡ ಚಿಕ್ಕಮ್ಮ, ವಿಜ್ಞಾನಿಗೊ ಹೇಳಿದ್ದವಡ." ಅದು ಲೊಟ್ಟೆ ಅಲ್ಲ. 2005ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಸ್ಟೀಫನ್ ಪ್ರೆಟ್‌ಲವ್ ಹೇಳುವವು ಹೇಳಿದ ಮಾತು ಅದು. ಬೆಡ್ಡಿನ ಧೂಳಿಲಿ ಕಣ್ಣಿಂಗೆ ಕಾಣದ್ದಷ್ಟು ಸಣ್ಣ ಹುಳುಗೊ ಇರ್ತವು. ನಮ್ಮ ಮೈಂದ ಉದುರಿದ ಚರ್ಮದ ಹೊಡಿಯೇ ಅವಕ್ಕೆ ಆಹಾರ. ಅವು ನೀರು ಕುಡಿತ್ತವಿಲ್ಲೆ, ಗಾಳಿಲಿಪ್ಪ ತೇವವ ಮೈಂದಲೇ ಹೀರುದು. ಇರುಳಿಡೀ ನಾವು ಬೆಗರಿ, ಎದ್ದ ಕೂಡ್ಲೇ ಹೊದಕ್ಕೆ ಎಳದು ಮುಚ್ಚಿರೆ ಆ ತೇವ ಒಳವೇ ಒಳಿತ್ತು. ಬಿಡುಸಿ ಮಡುಗಿರೆ ಒಣಗುತ್ತು, ಹುಳುಗೊಕ್ಕೆ ಬಙ ಆವ್ತು. ಅಲ್ಯಾಣ ಬೇರೆ ತಜ್ಞರು ಆಗಳೇ ಅಡ್ಡ ಹೇಳಿತ್ತಿದ್ದವು: ಮನೆಯ ಗಾಳಿಲೇ ತೇವ ಇದ್ದರೆ ಹೊದಕ್ಕೆ ಸರಿಸಿ ಮಡುಗಿ ಎಂತ ಪ್ರಯೋಜನ ಹೇಳಿ.

ನಮ್ಮ ಊರಿಂಗೆ ಈ ಅಡ್ಡಮಾತೇ ಸರಿಯಾಗಿ ತಾಗುದು. ನಮ್ಮ ಜಿಲ್ಲೆಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಸುಬ್ರಹ್ಮಣ್ಯದ ಹೊಡೆಲಿ ಘಟ್ಟದ ಬುಡಲ್ಲಿಪ್ಪವಕ್ಕೆ ಆಟಿ ತಿಂಗಳಿಲಿ ಬೆಶಿಲು ಕಾಂಬದೇ ಅಪರೂಪ. ಒಗದ ವಸ್ತ್ರ ಮೂರು ದಿನ ಆದರೂ ಒಣಗ, ಕಪಾಟಿನ ಸೀರೆಗೆ ಬೂಷ್ಟು. ಅಂಥಾ ದಿನ ಎದ್ದ ಕೂಡ್ಲೇ ಮೇಗಂದ ಚೆಂದದ ಬೆಡ್‌ಶೀಟು ಎಳದು ಮುಚ್ಚಿರೆ ಹೊತ್ತೋಪಗ ಮೂಗಿಂಗೇ ಗೊಂತಾವ್ತು. ಆಸ್ತಮಾ, ಉದಿಯಪ್ಪಾಣ ಶೀನು ಇಪ್ಪವಕ್ಕೆ ಇದು ಸಣ್ಣ ವಿಷಯ ಅಲ್ಲ.

ಎಂಗಳ ಮನೆಲಿ ಈಗ ಮಾಡುದು ಹೀಂಗೆ. ಎದ್ದಿಕ್ಕಿ ಹೊದಕ್ಕೆಯ ಕಾಲ ಹೊಡೆಂಗೆ ಸರಿಸುದು, ತಲೆಕೊಂಬಿನ ಗೋಡಗೆ ಆನುಸಿ ನಿಲ್ಲುಸುದು, ಕಿಟುಕಿ ತೆಗವದು. ಜೋರು ಮಳೆ ಇದ್ದರೆ ಕಿಟುಕಿ ಬದಲು ಫ್ಯಾನು. ಮೋರೆ ತೊಳದು, ಕಾಪಿ ತಿಂಡಿ ಆಗಿಕ್ಕಿ, ಅರ್ಧ ಮುಕ್ಕಾಲು ಗಂಟೆ ಕಳುದು ಬಂದು ಕುಡುಗಿ ಮಡುಸುದು. ವಾರಕ್ಕೊಂದರಿ ಬೆಡ್‌ಶೀಟನ್ನೂ ತಲೆಕೊಂಬಿನ ಕವರನ್ನೂ ಒಗವದು. ಆ ಹುಳುಗೊ ಸಾಯೆಕ್ಕಾರೆ ನೀರು 60 ಡಿಗ್ರಿಯಷ್ಟು ಬೆಶಿ ಇರೆಕ್ಕು, ಕೈ ಹಾಕುಲೆ ಎಡಿಯದ್ದಷ್ಟು. ಮತ್ತೆ ಅಂಗಳಲ್ಲಿ ಅಡಕ್ಕೆ ಒಣಗುಸುವ ಕಾಲಲ್ಲಿ ಒಂದು ಕರೆಲಿ ಬೆಡ್ಡಿಂಗೂ ತಲೆಕೊಂಬಿಂಗೂ ರಜ್ಜ ಜಾಗೆ ಕೊಡಿ. ಮಳೆಗಾಲಕ್ಕೆ ಅದೇ ಬಂಡವಾಳ.

ಇನ್ನು ಮೂರನೆ ಮಾತು. ಇದರ ಬರವ ಮದಲು ಮಗನತ್ರೆ ಕೇಳಿದ್ದೆ. "ಬರೆ ಅಮ್ಮ, ಆರಿಂಗಾದರೂ ಪ್ರಯೋಜನ ಅಕ್ಕು" ಹೇಳಿದ°.

2020ರ ಲಾಕ್‌ಡೌನಿನ ಸಮಯಲ್ಲಿ ಅವ° ಬೆಂಗ್ಳೂರಿಂದ ಊರಿಂಗೆ ಬಂದ°. ಸುರುವಿಂಗೆ ಲಾಯ್ಕಿತ್ತು. ಚಾವಡಿಲಿ ಮೇಜು ಹಾಕಿ ಕೆಲಸ ಮಾಡಿಗೊಂಡಿತ್ತಿದ್ದ°. ಮಳೆಗಾಲ ಸುರು ಅಪ್ಪಗ ಲ್ಯಾಪ್‌ಟಾಪು ಮಂಚಕ್ಕೆ ಹೋತು. ನೆಟ್‌ವರ್ಕು ಅಲ್ಲೇ ಸಿಕ್ಕುದು ಹೇಳಿದ°. ಮತ್ತೆ ಉಂಬದೂ ಅಲ್ಲೇ. ಆಟಿ ತಿಂಗಳಪ್ಪಗ ಹಸೆ ಹೇಳಿರೆ ಒಂದು ಮುದ್ದೆ, ಮಧ್ಯಾಹ್ನ 12 ಗಂಟೆಗೂ ಅದರೊಳ ಅವ°. ಎನಗೆ ಪಿಸುರು ಬಂದೊಂಡಿತ್ತು. ದಿನಾಗ್ಲೂ ಪರೆಂಚಿಗೊಂಡಿತ್ತಿದ್ದೆ. ಒಂದು ದಿನ ಆ ಭಾಷಣದ ವೀಡಿಯೋವನ್ನೂ ಅವನ ಮೊಬೈಲಿಂಗೆ ಕಳುಸಿದೆ. 26 ವರ್ಷದ ಮಾಣಿಗೆ ಒಂದು ಹೊದಕ್ಕೆ ಮಡುಸುಲೆ ಎಡಿತ್ತಿಲ್ಲೆಯಾ ಹೇಳಿ ಎದುರೇ ಕೇಳಿದೆ. ಅವ° ಗೋಡೆ ಹೊಡೆಂಗೆ ತಿರುಗಿ ಮನುಗಿದ°. ಎಂತದೂ ಹೇಳಿದ್ದನಿಲ್ಲೆ.

ಅತ್ತೆಗೆ ಆವಗ 80 ಕಳುದ್ದು. ಅವು ಕೋಲು ಹಿಡ್ಕೊಂಡು ಅವನ ಕೋಣೆಗೆ ಹೋಗಿ ಮಂಚದ ಕರೆಲಿ ಕೂದವು. ಹಸೆಯ ಸುದ್ದಿಯೇ ತೆಗದ್ದವಿಲ್ಲೆ. "ಇರುಳು ಒರಕ್ಕು ಬತ್ತೋ ಮಗಾ ನಿನಗೆ?" ಹೇಳಿ ಕೇಳಿದವು. ಅವ° ಕೂಗುಲೆ ಸುರು ಮಾಡಿದ°. ಆನು ಬಾಗಿಲ ಹತ್ತರೆ ನಿಂದೊಂಡಿತ್ತಿದ್ದೆ. ಕೆಲಸ ಹೋಗಿ ಆರು ವಾರ ಆಗಿತ್ತಡ. ಇರುಳು 4 ಗಂಟೆವರೆಗೆ ಒರಕ್ಕಿಲ್ಲೆ, ಹಗಲು ಏಳ್ಲೆ ಎಡಿತ್ತಿಲ್ಲೆ, ಎದ್ದು ಎಂತ ಮಾಡುದು ಹೇಳಿ ಗೊಂತಾವ್ತಿಲ್ಲೆ. ಬದುಕಿ ಎಂತ ಪ್ರಯೋಜನ ಹೇಳಿಯೂ ಕಂಡಿತ್ತಡ. ಒಂದು ತಿಂಗಳಿಂದ ಆನು ನೋಡಿಗೊಂಡಿದ್ದದು ಹೊದಕ್ಕೆಯ ಮಾತ್ರ.

ಡಾಕ್ಟ್ರ ಹತ್ತರೆ ಕರಕ್ಕೊಂಡು ಹೋದೆಯೊ°. ಮದ್ದು, ಮಾತುಕತೆ ಹೇಳಿ ಏಳೆಂಟು ತಿಂಗಳು ಹಿಡುದತ್ತು. ಏಳ್ಲೆ ಎಡಿಯದ್ದದು ಆ ಕಾಯಿಲೆಯ ಲಕ್ಷಣವೇ, ಉದಾಸನ ಅಲ್ಲ ಹೇಳಿ ಡಾಕ್ಟ್ರು ಎನಗೆ ಬಿಡುಸಿ ಹೇಳಿದವು. ರಜ್ಜ ಗುಣ ಆದ ಮತ್ತೆ, ದಿನಾಗ್ಲೂ ಒಂದೇ ಹೊತ್ತಿಂಗೆ ಏಳುದು, ಎದ್ದಿಕ್ಕಿ ಒಂದು ಸಣ್ಣ ಕೆಲಸ ಮಾಡುದು ಹೇಳಿ ಅವಂಗೆ ಹೇಳಿತ್ತಿದ್ದವು. ಅವ° ಹಸೆ ಮಡುಸುದರ ಹಿಡ್ಕೊಂಡ°. ಆ ಭಾಷಣದವು ಹೇಳಿದ ಹಾಂಗೆ ಅದು ಅವಂಗೆ ಪ್ರಯೋಜನ ಆತು, ಅಪ್ಪು. ಆದರೆ ಮಡುಸಿದ ಕಾರಣ ಗುಣ ಆದ್ದಲ್ಲ. ರಜ್ಜ ಗುಣ ಆದ ಕಾರಣ ಮಡುಸುಲೆ ಎಡಿಗಾತು. ಈ ಹಿಂದು ಮುಂದು ಎನಗೆ ಗೊಂತಿತ್ತಿಲ್ಲೆ.

ಹಾಂಗಾಗಿ ಎನ್ನ ಪ್ರಾಯದ ಅಕ್ಕ ತಂಗೆಕ್ಕಳತ್ರೆ ಒಂದು ಮಾತು. ಒಂದು ದಿನ ಮಡುಸದ್ರೆ ಅದು ಉದಾಸನವೇ ಇಕ್ಕು. ಆದರೆ ಯೇವಗಳೂ ಸಮ ಇದ್ದವು ಎರಡು ವಾರ ಹಾಂಗೇ ಬಿದ್ದೊಂಡಿದ್ದರೆ ಬೈವಲಾಗ. ಒರಕ್ಕು ಬತ್ತೋ, ಹಶು ಆವ್ತೋ, ಮನಸ್ಸಿಲಿ ಎಂತ ಇದ್ದು ಹೇಳಿ ಕೇಳೆಕ್ಕು. ನವಗೆ ಮಾತಾಡ್ಲೆ ಅರಡಿಯದ್ರೆ ಸರಕಾರದ ಟೆಲಿ ಮಾನಸ್ ಇದ್ದು, 2022ರ ಅಕ್ಟೋಬರಿಲಿ ಸುರು ಮಾಡಿದ್ದು. 14416ಕ್ಕೆ ಫೋನು ಮಾಡಿರೆ ಇರುಳು ಹಗಲು, ಕನ್ನಡಲ್ಲಿ, ಪೈಸೆ ಇಲ್ಲದ್ದೆ ಮಾತಾಡ್ತವು. 2020ರಲ್ಲಿ ಎನಗೆ ಅದು ಇತ್ತಿಲ್ಲೆ, ಅತ್ತೆ ಇತ್ತಿದ್ದವು.

ಆ ಪೂಜೆ ಮನೆಲಿ ದೂರು ಕೇಳಿದ ಸೊಸೆಗೆ ಒಂದು ವರ್ಷದ ಬಾಬೆ ಇದ್ದು. ಇರುಳು ಎಷ್ಟು ಸರ್ತಿ ಏಳ್ತೋ ಆರಿಂಗೆ ಗೊಂತು!

ಈಗ ಎಂಗಳ ಮನೆಲಿ ಅವರವರ ಹಸೆ ಅವರವರದ್ದು. ಎಂಗಳ ಮನೆಯವು 60 ಕಳುದ ಮತ್ತೆ ಕಲ್ತವು. ಸುರುವಾಣ ವಾರ ಅವು ಮಡುಸಿಕ್ಕಿ ಹೋದಪ್ಪಗ ಆನು ಹೋಗಿ ಮೂಲೆ ಎಲ್ಲ ಎಳದು ಪುನಾ ಸರಿ ಮಾಡಿಗೊಂಡಿತ್ತಿದ್ದೆ. ಮಗ° ನೋಡಿ, "ನೀನು ಪುನಾ ಮಡುಸಿರೆ ಅಪ್ಪ° ನಾಳೆಂದ ಮಡುಸವು ಅಮ್ಮ" ಹೇಳಿದ°. ಅಪ್ಪು, ಅರ್ಧ ತಪ್ಪು ನಮ್ಮದೇ. ಅಂದಿಂದ ಬಿಟ್ಟೆ. ಮೂಲೆ ಓರೆ ಇದ್ದರೆ ಇರಳಿ, ಇರುಳಪ್ಪಗ ಹೇಂಗೂ ಬಿಡುಸುಲೆ ಇಪ್ಪದೇ ಅಲ್ಲದೋ? ನಿಂಗೊ ಎಂತ ಹೇಳ್ತಿ?