ನಕ್ಷತ್ರಗಳ ಮನೆಯ ದಾಸ್ತಾನು

ದೆಹಲಿಯ ಚಳಿಗಾಲ ಬಂತೆಂದರೆ ಪತ್ರಿಕೆಯಲ್ಲಿ ಈ ಸುದ್ದಿ ಒಮ್ಮೆಯಾದರೂ ಕಾಣುತ್ತದೆ: ಬಾಗಿಲು ಮುಚ್ಚಿ, ಅಂಗೀಠಿ ಪಕ್ಕದಲ್ಲಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಕಾರ್ಬನ್ ಮೊನಾಕ್ಸೈಡ್ ನಮ್ಮ ಪಾಲಿಗೆ ಯಮದೂತ. ಖಗೋಳ ವಿಜ್ಞಾನಿಗಳಿಗೋ ಅದೇ ದಾರಿದೀಪ. ಇಂಗ್ಲಿಷ್ ಬಿ.ಎ. ಮಾಡಿದವಳಿಗೆ ಈ ಉಸಾಬರಿ ಏಕೆ ಎನ್ನಬೇಡಿ, ವಿಷಯ ಅಡುಗೆಮನೆಯದೇ.

ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್ ಅನಿಲದಿಂದ. ಬಿಡಿ ಪರಮಾಣುಗಳ ಹೈಡ್ರೋಜನ್ ಡಬ್ಬದಲ್ಲಿರುವ ಅಕ್ಕಿ ಎನ್ನೋಣ. ಅದು ತಣಿದು, ದಟ್ಟವಾಗಿ, ಎರಡೆರಡು ಪರಮಾಣು ಕೂಡಿ ಅಣುವಾದರೆ ರುಬ್ಬಿದ ಹಿಟ್ಟು. ನಕ್ಷತ್ರವೆಂಬ ದೋಸೆ ಆಗುವುದು ಈ ಹಿಟ್ಟಿನಿಂದ. ತೊಂದರೆಯೆಂದರೆ, ತಣ್ಣಗಿರುವ ಹೈಡ್ರೋಜನ್ ಅಣು ಹೆಚ್ಚುಕಡಿಮೆ ಮೂಕ. ಅದರ ಜೊತೆ ಸುಮಾರು 10,000ಕ್ಕೆ ಒಂದರಂತೆ ಬೆರೆತಿರುವ ಕಾರ್ಬನ್ ಮೊನಾಕ್ಸೈಡ್ ಮಾತ್ರ 2.6 ಮಿಲಿಮೀಟರ್ ಅಲೆಯಲ್ಲಿ ಮಾತಾಡುತ್ತದೆ. ಅದನ್ನು ಬಾಹ್ಯಾಕಾಶದಲ್ಲಿ ಮೊದಲು ಪತ್ತೆಹಚ್ಚಿದ್ದು 1970ರಲ್ಲಿ. ಅದನ್ನು ಅಳೆದು ಹೈಡ್ರೋಜನ್ ಎಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ದೂರದರ್ಶಕ ಈ ಕೆಲಸದಲ್ಲಿ ಎತ್ತಿದ ಕೈ. ಆದರೆ ದೂರದ ಮಂಕು ಗೆಲಾಕ್ಸಿಗಳಲ್ಲಿ ಇಂಗಾಲ, ಆಮ್ಲಜನಕವೇ ಕಡಿಮೆಯಿದ್ದರೆ, ಹಿಟ್ಟಿದ್ದರೂ ಸುಳಿವು ಸಿಗದು.

ಅಕ್ಕಿ ಡಬ್ಬವನ್ನಾದರೂ ನೋಡೋಣವೆಂದು ಹೊರಟವರು ನಮ್ಮ ದೇಶದವರು: ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದವರು, ಅವರೊಡನೆ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಪುಣೆಯ ಉತ್ತರಕ್ಕೆ ನಾರಾಯಣಗಾಂವ್ ಬಳಿ, ತಲಾ 45 ಮೀಟರ್ ಅಗಲದ 30 ಆಂಟೆನಾಗಳ ಜಿ.ಎಂ.ಆರ್.ಟಿ. ಇದೆಯಲ್ಲ, ಅದೇ ಅವರ ಕಿವಿ. ಬಿಡಿ ಹೈಡ್ರೋಜನ್ ಹೊರಡಿಸುವ 21 ಸೆಂಟಿಮೀಟರ್ ಅಲೆ ಅಷ್ಟು ದೂರದಿಂದ ಬರುವ ಹೊತ್ತಿಗೆ ಹಿಗ್ಗಿ, ಸೊರಗಿಹೋಗಿರುತ್ತದೆ. ಒಂದೊಂದೇ ಗೆಲಾಕ್ಸಿಯದು ಗದ್ದಲದಲ್ಲಿ ಕೇಳುವುದೇ ಇಲ್ಲ. ಅದಕ್ಕೆ ಅವರು ಸ್ಥಾನ, ದೂರ ಮೊದಲೇ ಗೊತ್ತಿದ್ದ 7,653 ಗೆಲಾಕ್ಸಿಗಳನ್ನು ಆರಿಸಿ, ಸುಮಾರು 100 ಗಂಟೆ ಆಲಿಸಿ, ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರು. ಗದ್ದಲ ಒಮ್ಮೆ ಏರು, ಒಮ್ಮೆ ಇಳಿ. ಕೂಡಿಸಿದಷ್ಟೂ ತನ್ನನ್ನು ತಾನೇ ತಿಂದುಹಾಕುತ್ತದೆ. ನಿಜವಾದ ದನಿ ಉಳಿಯುತ್ತದೆ. ಹಳ್ಳಿಯ ಲೇವಾದೇವಿಗಾರನ ಬುದ್ಧಿ, ಆದರೆ ಎಂಥ ಬುದ್ಧಿ!

2020ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸಿಕ್ಕಿದ್ದು 800 ಕೋಟಿ ವರ್ಷ ಹಿಂದಿನ ದಾಸ್ತಾನು. ಗೆಲಾಕ್ಸಿಗಳಲ್ಲಿ ಆಗಲೇ ಇದ್ದ ನಕ್ಷತ್ರಗಳ ತೂಕದಷ್ಟೇ ಹೆಚ್ಚುಕಡಿಮೆ ಅಕ್ಕಿ ಡಬ್ಬದಲ್ಲಿತ್ತು. ಕೇಳಲು ಸಮೃದ್ಧಿ. ಆದರೆ ಆ ಮನೆಗಳ ಖರ್ಚೂ ಅಷ್ಟೇ ಜೋರು: 100ರಿಂದ 200 ಕೋಟಿ ವರ್ಷದಲ್ಲಿ ಡಬ್ಬ ಖಾಲಿ. ಹೊರಗಿನಿಂದ ಸಾಕಷ್ಟು ಅನಿಲ ಬಂದು ತುಂಬಲಿಲ್ಲ, ಅದಕ್ಕೇ ನಕ್ಷತ್ರಗಳು ಹುಟ್ಟುವುದು ಇಳಿಯುತ್ತ ಬಂತು ಎನ್ನುತ್ತಾರೆ ಅವರು. ವಿಶ್ವದ ಆ ಭರಾಟೆಯ ಕಾಲಕ್ಕೆ ಹೋಲಿಸಿದರೆ ಇಂದು ಹುಟ್ಟುವುದು ಹತ್ತರಲ್ಲೊಂದು ಪಾಲು.

ಸರಾಸರಿಯೆಂದ ಮೇಲೆ ಯಾರ ಮನೆಯಲ್ಲಿ ಉಕ್ಕಿತ್ತು, ಯಾರ ಮನೆಯಲ್ಲಿ ಬರಿದಾಗಿತ್ತು ಎಂಬುದು ಇದರಿಂದ ತಿಳಿಯದು. ಅದಕ್ಕೆ ಒಂದೊಂದೇ ಡಬ್ಬದ ಮುಚ್ಚಳ ತೆಗೆಯಬೇಕು.